ಹಿಂದೆ ಇಳಿಬಿಟ್ಟ ಬಟ್ಟೆ

ಸೆಯ್ದೂ ಕೆಯ್ತಾ ತೆಗೆದ ಭಾವಚಿತ್ರಗಳು ಯಾವ ಯಾವ ಇಸವಿಯವು ಎಂದು ತಿಳಿಯಲು ನಾನು ಪ್ರದರ್ಶನಗಳ ಕ್ಯಾಟಲಾಗು ತೆರೆದೆ. 1991ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ‘ಆಫ್ರಿಕಾ ಎಕ್ಸ್‌ಪ್ಲೋರ್ಸ್’ ಪ್ರದರ್ಶನದಲ್ಲಿ ಅವರ ಚಿತ್ರಗಳಿದ್ದವು, ಹೆಸರಿರಲಿಲ್ಲ. ಅಜ್ಞಾತ ಛಾಯಾಗ್ರಾಹಕ, ಬಮಾಕೊ ಎಂದಷ್ಟೇ ನಮೂದು. ಆಗ ಕೆಯ್ತಾ ಮಾಲಿ ದೇಶದ ಅದೇ ಬಮಾಕೊದಲ್ಲಿ ಬದುಕಿದ್ದರು, ಸಾವಿರಾರು ನೆಗೆಟಿವ್‌ಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು! ಸಂಗ್ರಾಹಕ ಜಾನ್ ಪಿಗೋಜಿ ಅವರ ಪರವಾಗಿ ಆಂದ್ರೆ ಮಾನ್ಯಾಂ ಅಲ್ಲಿಗೆ ಹೋಗಿ ವಿಚಾರಿಸಿದ ಮೇಲೆ ‘ಅಜ್ಞಾತ’ನಿಗೆ ಹೆಸರು ಬಂತು. 1994ರಲ್ಲಿ ಪ್ಯಾರಿಸಿನ ಕಾರ್ಟಿಯೆ ಫೌಂಡೇಶನ್ ಅವರದೇ ಹೆಸರಿನಲ್ಲಿ ಪ್ರದರ್ಶನ ಮಾಡಿತು.

ಇಸವಿಯ ಸುಳಿವನ್ನೂ ಕೆಯ್ತಾ ಅವರೇ ಕೊಟ್ಟಿದ್ದಾರೆ. 1948ರಲ್ಲಿ ಸ್ಟುಡಿಯೊ ತೆರೆದಾಗ ಹಿನ್ನೆಲೆಗೆ ಕಟ್ಟಿದ್ದು ತಮ್ಮ ಮಂಚದ ಕುಚ್ಚಿನ ಹೊದಿಕೆ. ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಬಟ್ಟೆ ಬದಲಾಯಿಸಿದರು; ಬಟ್ಟೆ ನೋಡಿದರೆ ಕಾಲ ನೆನಪಾಗುತ್ತಿತ್ತು. ನಾನೂ ಕುಚ್ಚಿನದು, ಹೂವಿನದು, ಎಲೆಯದು ಎಂದು ಚಿತ್ರಗಳನ್ನು ವಿಂಗಡಿಸಿದೆ. ವಿಂಗಡಿಸುತ್ತ ಕೂತವಳ ಕಣ್ಣು ಬಟ್ಟೆ ಬಿಟ್ಟು, ಅದರ ಮುಂದಿದ್ದವರ ಮೇಲೆ ನಿಂತಿತು. ಹೂವಿನ ಹಿನ್ನೆಲೆಗೆ ಚೌಕುಳಿ ಉಡುಗೆ, ಅದರ ಮೇಲೆ ಹೊಳೆಯುವ ಆಭರಣ. ಹೊಸ ಸೂಟು, ಜೇಬಿನಲ್ಲಿ ಪೆನ್ನು. ಕೈಗಡಿಯಾರ, ರೇಡಿಯೊ, ಸ್ಕೂಟರು ಇಲ್ಲದವರಿಗೆ ಸ್ಟುಡಿಯೊದಲ್ಲೇ ಸಿಗುತ್ತಿದ್ದವು. ಸಾಲದ ಸೊಗಸು ಎಂದು ಇದನ್ನು ಕಡೆಗಣಿಸುವವರ ಮಾತನ್ನು ನಾನು ಒಪ್ಪಲಾರೆ. ತಾವು ಹೇಗೆ ಕಾಣಬೇಕೆಂದು ಕೂತವರೇ ತೀರ್ಮಾನಿಸುತ್ತಿದ್ದರು. ಮುಖ, ಕೈ ಯಾವ ಕಡೆ ತಿರುಗಿದರೆ ಚೆಂದ ಎಂಬುದು ಕೆಯ್ತಾಗೆ ಗೊತ್ತಿತ್ತು. ಹೆಚ್ಚಾಗಿ ಒಬ್ಬರಿಗೆ ಒಂದೇ ಕ್ಲಿಕ್.

ಕೂತವರದೇ ಆದ ಈ ತೀರ್ಮಾನದ ಬೆಲೆ ತಿಳಿಯಲು ಕೆಯ್ತಾಗಿಂತ ಹಿಂದಿನ ದಾಖಲೆ ನೋಡಬೇಕು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಡಕಾರಿನ ಎದ್ಮೊಂ ಫೋರ್ತಿಯೆ ಅಚ್ಚು ಹಾಕಿಸಿದ ಅಂಚೆಕಾರ್ಡುಗಳಲ್ಲಿ ಪಶ್ಚಿಮ ಆಫ್ರಿಕಾದ ಹೆಂಗಸರನ್ನು, ಗಂಡಸರನ್ನು ಬುಡಕಟ್ಟಿನ ಮಾದರಿಗಳೆಂದು ತೋರಿಸಿದ್ದಾರೆ. ಚಿತ್ರದಡಿ ಬುಡಕಟ್ಟಿನ ಹೆಸರು, ವ್ಯಕ್ತಿಯದಿಲ್ಲ. ಬಮಾಕೊದ ಸ್ಟುಡಿಯೊಗೆ ದುಡ್ಡು ಕೊಟ್ಟು ಬಂದವರು ಯಾರ ಮಾದರಿಯೂ ಆಗಿರಲಿಲ್ಲ.

ಆದರೂ ಇಂದಿನ ಮ್ಯೂಸಿಯಂ ಪಟ್ಟಿಗಳಲ್ಲಿ ಅವರ ಚಿತ್ರಗಳಿಗೆ ಬಹುಪಾಲು ‘ಶೀರ್ಷಿಕೆಯಿಲ್ಲ’ ಎಂದೇ ಇದೆ. ಛಾಯಾಗ್ರಾಹಕನ ಹೆಸರು ಮರಳಿತು, ಕೂತವರದು ಮರಳಲಿಲ್ಲ; ಇದು ನನ್ನನ್ನು ಬಾಧಿಸುತ್ತದೆ. 1990ರ ದಶಕದಲ್ಲಿ ಗ್ಯಾಲರಿಗಳಿಗಾಗಿ ಹಾಕಿದ ದೊಡ್ಡ ಪ್ರಿಂಟುಗಳಲ್ಲಿ ಹೆಸರು ಹುಡುಕಿ ಫಲವಿಲ್ಲ. ಗಿರಾಕಿಗಳು ಒಯ್ದದ್ದು ನೆಗೆಟಿವಿನಷ್ಟೇ ಅಳತೆಯ, 13×18 ಸೆಂಟಿಮೀಟರಿನ ಪುಟ್ಟ ಪ್ರಿಂಟು. ಅದನ್ನು ಮನೆಯಲ್ಲಿಟ್ಟವರು ಮುಖ ನೋಡಿ ಅಜ್ಜಿ, ದೊಡ್ಡಪ್ಪ ಎಂದು ಗುರುತಿಸಬಲ್ಲರು. ಮುಂದಿನ ಹುಡುಕಾಟ ಆ ಮನೆಗಳಲ್ಲಿ ನಡೆಯಬೇಕು, ಆ ಹಿರಿಯರು ಇರುವಾಗಲೇ.