ರೇಷ್ಮೆ ಹುಳುವಿನ ಜ್ವರ ಮತ್ತು ಭಾರಜಲಜನಕದ ಗುರುತು

ಮರಳವಾಡಿಯ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಪೊರೆ ಕಳಚುವುದನ್ನು 'ಜ್ವರ' ಎನ್ನುತ್ತಾರೆ. ನಾಲ್ಕು ಜ್ವರ ಕಳೆದು, ಹುಳು ಹಣ್ಣಾಗಿ ಚಂದ್ರಿಕೆ ಸೇರುವವರೆಗೆ ಮನೆಮಂದಿಗೆ ನಿದ್ದೆಯಿಲ್ಲ. ಹಿಂದೊಮ್ಮೆ ಒಂಬತ್ತನೆಯ ತರಗತಿಯಲ್ಲಿ, ಹುಳುವಿಗೆ ಈ ಜ್ವರ ಬರಿಸುವುದು ಎಕ್ಡೈಸೋನ್ ಎಂಬ ಹಾರ್ಮೋನು ಎಂದು ಹೇಳುತ್ತಿದ್ದೆ. ಹುಡುಗಿಯೊಬ್ಬಳು ಎದ್ದು, "ಸಾರ್, ಅದು ಹುಳುವಿಗೆ ಎಲ್ಲಿಂದ ಬರುತ್ತೆ?" ಎಂದು ಕೇಳಿದಳು. "ತಾನೇ ಮಾಡಿಕೊಳ್ಳುತ್ತಮ್ಮ" ಎಂದುಬಿಟ್ಟೆ. ಅದು ಅರ್ಧ ಉತ್ತರ. ಉಳಿದರ್ಧ ಆ ವೇಳೆಗಾಗಲೇ ಜಗತ್ತಿಗೆ ತಿಳಿದಿತ್ತು, ನನಗೆ ತಿಳಿದಿರಲಿಲ್ಲ.

1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್‌ಸನ್ ಸುಮಾರು 500 ಕಿಲೋ ರೇಷ್ಮೆ ಕೋಶಾವಸ್ಥೆಯ ಹುಳುಗಳಿಂದ 25 ಮಿಲಿಗ್ರಾಂ ಎಕ್ಡೈಸೋನ್ ಪಡೆದರು. 1965ರಲ್ಲಿ ಅದು ಸ್ಟೀರಾಯ್ಡ್ ಎಂದು ಖಚಿತವಾಯಿತು. ಆದರೆ ಕೀಟಗಳು ಸ್ಟೀರಾಯ್ಡಿನ ಚೌಕಟ್ಟನ್ನು ತಾವಾಗಿ ಕಟ್ಟಲಾರವು. ಹಾಗಾದರೆ ಅದು ಸೊಪ್ಪಿನಿಂದಲೇ ಬರಬೇಕು. ಸೊಪ್ಪಿನ ಅಣುವೇ ಹುಳುವಿನ ಅಣುವಾಯಿತೆಂದು ತೋರಿಸುವುದು ಹೇಗೆ? ಹಿಂಡಿನ ಕುರಿಗೆ ಬಣ್ಣ ಹಚ್ಚುವಂತೆ ಅಣುವಿಗೂ ಗುರುತು ಬೇಕು.

ಆ ಗುರುತನ್ನು ಒದಗಿಸಿದವನು ಅಮೆರಿಕದ ಯೂರಿ. 1931ರಲ್ಲಿ ಅವನು ಕಂಡುಹಿಡಿದ ಡ್ಯೂಟೀರಿಯಂ ನಡತೆಯಲ್ಲಿ ಬಹುಮಟ್ಟಿಗೆ ಜಲಜನಕವೇ; ತೂಕ ಮಾತ್ರ ಎರಡರಷ್ಟು. 1933ರಲ್ಲಿ ಹಿಟ್ಲರನ ಜರ್ಮನಿಯನ್ನು ತೊರೆದ ಶೋನ್‌ಹೈಮರ್, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ರಿಟೆನ್‌ಬರ್ಗ್ ಜೊತೆಗೂಡಿ 1935ರಲ್ಲೇ ಕೊಬ್ಬಿಗೂ ಸ್ಟೀರಾಯ್ಡಿಗೂ ಈ ಗುರುತು ಹಾಕಿ ದೇಹದೊಳಗೆ ಅವುಗಳ ದಾರಿಯನ್ನು ಹಿಂಬಾಲಿಸಿದನು. 1942ರಲ್ಲಿ ಬ್ಲಾಕ್ ಮತ್ತು ರಿಟೆನ್‌ಬರ್ಗ್ ಡ್ಯೂಟೀರಿಯಂ ಹೊತ್ತ ಅಸಿಟೇಟನ್ನು ಇಲಿಗಳಿಗೆ ಉಣಿಸಿದಾಗ ಗುರುತು ಅವುಗಳ ಕೊಲೆಸ್ಟರಾಲಿನಲ್ಲಿ ಸಿಕ್ಕಿತು. ಸಸ್ತನಿಗಳ ದೇಹ ಸಣ್ಣ ತುಣುಕುಗಳಿಂದಲೇ ಅದನ್ನು ಕಟ್ಟುತ್ತದೆ.

ರೇಷ್ಮೆ ಹುಳುವಿನ ದಾರಿ ಬೇರೆ. 1970-80ರ ದಶಕಗಳಲ್ಲಿ ಜಪಾನಿನ ಇಕೆಕಾವಾ ಮತ್ತು ಸಂಗಡಿಗರು ಟ್ರಿಷಿಯಂ, ಡ್ಯೂಟೀರಿಯಂ ಗುರುತಿನ ಸ್ಟೀರಾಯ್ಡುಗಳನ್ನು ಬಳಸಿ ಈ ದಾರಿಯನ್ನು ಹಂತಹಂತವಾಗಿ ಬಿಡಿಸಿದರು. ಹಿಪ್ಪುನೇರಳೆ ಸೊಪ್ಪಿನ ಸಿಟೊಸ್ಟೆರಾಲಿನಲ್ಲಿ 29 ಇಂಗಾಲದ ಪರಮಾಣುಗಳಿವೆ. ಹುಳು ಅವುಗಳಲ್ಲಿ ಎರಡನ್ನು ಕಳಚಿ 27ರ ಕೊಲೆಸ್ಟರಾಲ್ ಮಾಡಿಕೊಳ್ಳುತ್ತದೆ, ಅದರಿಂದ ಎಕ್ಡೈಸೋನ್.

ಇಂದು ಇದೇ ಗುರುತು ಪ್ರಯೋಗಾಲಯಗಳಲ್ಲಿ ಅಳತೆಗೋಲೂ ಆಗಿದೆ. ಗೂಡಿನ ರಾಶಿಗೆ ಬಣ್ಣ ಹಚ್ಚಿದ 100 ಗೂಡು ಬೆರೆಸಿ ಒಂದು ಬುಟ್ಟಿ ತುಂಬಿಕೊಳ್ಳಿ. ಬಣ್ಣದ ಒಂದಕ್ಕೆ ಬಿಳಿಯವು ಒಂಬತ್ತು ಸಿಕ್ಕರೆ ರಾಶಿಯಲ್ಲಿದ್ದ ಬಿಳಿ ಗೂಡು ಸುಮಾರು 900. ದಾರಿಯಲ್ಲಿ ಅರ್ಧ ಚೆಲ್ಲಿಹೋದರೂ ಅನುಪಾತ ಕೆಡದು. ಹಾಗೆಯೇ ನವಜಾತ ಶಿಶುವಿನ ರಕ್ತದ ಹನಿಗೆ ಡ್ಯೂಟೀರಿಯಂ ಹೊತ್ತ ಸ್ಟೀರಾಯ್ಡನ್ನು ತಿಳಿದ ಪ್ರಮಾಣದಲ್ಲಿ ಬೆರೆಸಿ, ದ್ರವ್ಯರಾಶಿ ಮಾಪಕದಲ್ಲಿ ಹಗುರವಾದದ್ದನ್ನೂ ಭಾರವಾದದ್ದನ್ನೂ ಹೋಲಿಸುತ್ತಾರೆ. ಅಡ್ರಿನಲ್ ಗ್ರಂಥಿಯ ಹುಟ್ಟುದೋಷವನ್ನು ಜೀವ ಅಪಾಯಕ್ಕೆ ಸಿಲುಕುವ ಮೊದಲೇ ಹೀಗೆ ಪತ್ತೆಹಚ್ಚಬಹುದು.

ಆ ಹುಡುಗಿ ಮರುದಿನ ಬೆಳಿಗ್ಗೆಯೂ ಸೊಪ್ಪು ಕೊಯ್ದೇ ಶಾಲೆಗೆ ಬಂದಿದ್ದಾಳು. ಅವಳು ಕೇಳಿದ್ದಕ್ಕೆ ಉತ್ತರ ಅವಳ ಕೈಯಲ್ಲೇ ಇತ್ತು. ಗೊತ್ತಿಲ್ಲದಾಗ "ನೋಡಿ ಹೇಳುತ್ತೇನಮ್ಮ" ಎನ್ನಬೇಕಿತ್ತು. ಮೇಷ್ಟರಾದವನಿಗೆ ಆ ಮಾತು ಅವಮಾನವಲ್ಲವೆಂದು ನಾನು ಕಲಿತದ್ದು ತಡವಾಗಿ.