ಬಳ್ಳಾರಿ ಜಿಲ್ಲೆ ಒಡೆದ ಬಗೆ

ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯ ಅಂಗಗಳಾಗಿದ್ದುವೆಂಬುದು ನಮ್ಮ ಹಿರಿಯರಿಗೆ ಬಲ್ಲ ಮಾತು. ಕಿರಿಯರಲ್ಲಿ ಅನೇಕರಿಗೆ ಅದು ಕಟ್ಟುಕಥೆಯಂತೆ ತೋರುತ್ತದೆ. ಆದುದರಿಂದ ಆ ವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇವೆ.

1800ರಲ್ಲಿ ಹೈದರಾಬಾದಿನ ನಿಜಾಮನು ಸೈನ್ಯದ ವೆಚ್ಚಕ್ಕೆಂದು ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಒಪ್ಪಿಸಿದನು. ದತ್ತಮಂಡಲವೆಂಬ ಹೆಸರು ಬಂದುದು ಇದರಿಂದಲೇ. ಥಾಮಸ್ ಮನ್ರೋ ಇಲ್ಲಿಯ ಕಲೆಕ್ಟರನಾಗಿ ಬಂದು ರೈತವಾರಿ ಪದ್ಧತಿಗೆ ಅಡಿಪಾಯ ಹಾಕಿದನು. ಭಾಷೆಯನ್ನು ನೋಡಿ ಗಡಿ ಎಳೆಯುವ ಯೋಚನೆ ಆಗಿನ ಸರಕಾರಕ್ಕೆ ಇರಲಿಲ್ಲ. ಅದರ ದೃಷ್ಟಿಯೆಲ್ಲ ಕಂದಾಯದ ಮೇಲೆ. 1882ರಲ್ಲಿ ಅನಂತಪುರ ಜಿಲ್ಲೆಯನ್ನು ಬೇರ್ಪಡಿಸಿದಾಗ ಮಡಕಶಿರಾ ಆ ಕಡೆಗೆ ಸೇರಿತು, ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿಯಿತು.

ಎರಡು ಭಾಷೆಗಳ ಜನ ಆಗ ಒಂದೇ ಕಚೇರಿಯ ಮೆಟ್ಟಿಲೇರುತ್ತಿದ್ದರು, ಒಂದೇ ನಾಟಕ ನೋಡುತ್ತಿದ್ದರು. ಬಳ್ಳಾರಿ ರಾಘವರು ತೆಲುಗಿನಲ್ಲಿ ಮಾತ್ರವಲ್ಲ, ಕನ್ನಡದಲ್ಲಿಯೂ ರಂಗವೇರಿದವರು. ಅದೇ ಬಳ್ಳಾರಿಯಲ್ಲಿ 1926ರಲ್ಲಿ ಫ. ಗು. ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿಯೂ 1938ರಲ್ಲಿ ರಂಗನಾಥ ದಿವಾಕರರ ಅಧ್ಯಕ್ಷತೆಯಲ್ಲಿಯೂ ಕನ್ನಡ ಸಾಹಿತ್ಯ ಸಮ್ಮೇಳನಗಳು ಜರುಗಿದುವು.

1920ರ ನಾಗಪುರ ಅಧಿವೇಶನದ ತರುವಾಯ ಕಾಂಗ್ರೆಸ್ಸು ಭಾಷಾವಾರು ಪ್ರಾಂತ ಸಮಿತಿಗಳನ್ನು ರಚಿಸಿತು. ಬಳ್ಳಾರಿ ಯಾರದೆಂಬ ವಾದ ಬೆಳೆದುದು ಅಂದಿನಿಂದ. ಅದು ತೀರ್ಮಾನಕ್ಕೆ ಬಂದುದು ಪೊಟ್ಟಿ ಶ್ರೀರಾಮುಲು ಅವರು ಉಪವಾಸ ಕೈಕೊಂಡು 1952ರ ಡಿಸೆಂಬರ್ 15ರಂದು ಪ್ರಾಣಬಿಟ್ಟ ಮೇಲೆ. ನಾಲ್ಕೇ ದಿನಗಳಲ್ಲಿ ನೆಹರೂ ಅವರು ಆಂಧ್ರ ರಾಜ್ಯದ ಘೋಷಣೆ ಮಾಡಿದರು. ನ್ಯಾಯಮೂರ್ತಿ ವಾಂಛೂ ಅವರು ವರದಿ ಒಪ್ಪಿಸಿದರು. ಹತ್ತು ತಾಲೂಕುಗಳಲ್ಲಿ ನಮ್ಮ ಮೂರು ಆಂಧ್ರಕ್ಕೆ, ಆರು ಮೈಸೂರಿಗೆ ಎಂದಾಯಿತು. ಉಳಿದ ಬಳ್ಳಾರಿ ತಾಲೂಕು ಮಿಶ್ರಭಾಷೆಯದು. ಹೈದರಾಬಾದು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಎಲ್. ಎಸ್. ಮಿಶ್ರಾ ಅವರು ವಿಚಾರಿಸಿ ಅದನ್ನು ಮೈಸೂರಿಗೆ ಕೊಡಬೇಕೆಂದರು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ಕರ್ನೂಲು ಜಿಲ್ಲೆಗೂ ರಾಯದುರ್ಗ ಅನಂತಪುರಕ್ಕೂ ಸೇರಿದುವು.

ಇಲ್ಲಿ ನಮ್ಮದೊಂದು ಮಾತು. ಮಿಶ್ರಾ ಅವರ ವಿಚಾರಣೆಗೆ ಬಳ್ಳಾರಿ ತಾಲೂಕು ಪಾತ್ರವಾಯಿತು; ನಮ್ಮ ಮೂರು ತಾಲೂಕುಗಳಿಗೆ ಅಂಥ ಭಾಗ್ಯವಿರಲಿಲ್ಲ. ತಾಲೂಕನ್ನು ಇಡಿಯಾಗಿ ಅತ್ತ ಅಥವಾ ಇತ್ತ ತಳ್ಳಿದರೆ ಅಂಚಿನ ಕನ್ನಡ ಹಳ್ಳಿಗಳ ಗತಿಯೇನು? ಮುಂದೆ ಆಂಧ್ರ ಮದರಾಸುಗಳ ಗಡಿಯನ್ನು ಪಾಟಸ್ಕರರು ಹಳ್ಳಿಯನ್ನೇ ಮಾನವಾಗಿಟ್ಟುಕೊಂಡು ತೀರಿಸಿದರು. 1960ರಲ್ಲಿ ತಿರುತ್ತಣಿ ಮದರಾಸಿಗೆ ಹೋದುದು ಹಾಗೆ. ಆ ಮಾನ ನಮಗೆ ದೊರೆಯಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಫಜಲ್ ಅಲಿ ಆಯೋಗವು 1955ರಲ್ಲಿ ತುಂಗಭದ್ರಾ ಯೋಜನೆಯ ಕಾರಣವನ್ನು ಮುಂದಿಟ್ಟು, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆಗಳನ್ನೂ ಆಂಧ್ರಕ್ಕೆ ಕೊಡುವಂತೆ ಸೂಚಿಸಿತು! ಕೇಂದ್ರ ಸರಕಾರ ಇದನ್ನು ಅಂಗೀಕರಿಸಲಿಲ್ಲ. 1956ರ ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿದಾಗ ಗಡಿ ಹಿಂದಿನಂತೆಯೇ ನಿಂತಿತು.

ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ಮಾತೃಭಾಷೆಯಲ್ಲಿ ಒದಗಿಸಬೇಕೆನ್ನುತ್ತದೆ. ನಮ್ಮ ಕನ್ನಡ ಶಾಲೆಗಳಿಗೆ ಮಾಸ್ತರರನ್ನೂ ಪಠ್ಯಪುಸ್ತಕಗಳನ್ನೂ ಕೇಳಿ ಬರೆಯುವ ಪ್ರತಿಯೊಂದು ಅರ್ಜಿಯಲ್ಲಿಯೂ ಈ ವಿಧಿಯನ್ನು ಕಾಣಿಸುವುದು ಉತ್ತಮ.

ನೀರು ಮಾತ್ರ ಗಡಿಯನ್ನು ಬಲ್ಲುದಲ್ಲ. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಬಳ್ಳಾರಿ, ಸಿರುಗುಪ್ಪದ ಹೊಲಗಳನ್ನು ದಾಟಿ ನಮ್ಮ ಆಲೂರು, ಆದವಾನಿಗೆ ಬರುತ್ತದೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಕರ್ನಾಟಕ, ಆಂಧ್ರ, ತೆಲಂಗಾಣಗಳ ರೈತರು ಒಂದೇ ಜಲಾಶಯದ ಕಡೆಗೆ ಕಣ್ಣುನೆಟ್ಟು ಕುಳಿತಿದ್ದರು.