ಸಸ್ಯಕೋಶಗಳಲ್ಲಿ ಸ್ರವಿಕೆ: ಅಧ್ಯಯನ ವಿಧಾನಗಳು

ಸಸ್ಯಕೋಶ ತಾನು ತಯಾರಿಸಿದ ಪ್ರೋಟೀನು, ಪಾಲಿಸ್ಯಾಕರೈಡುಗಳನ್ನು ಪೊರೆಯಾಚೆಗೆ ಸಾಗಿಸುವ ಕ್ರಿಯೆ ಸ್ರವಿಕೆ. ಇದನ್ನು ಅಳೆಯುವುದು ಸುಲಭವಲ್ಲ. ಹೊರಬಂದ ವಸ್ತು ಕೋಶಭಿತ್ತಿಯಲ್ಲೇ ಸಿಕ್ಕಿಕೊಳ್ಳಬಹುದು. ಕೋಶ ಒಡೆದು ಸೋರಿದ್ದನ್ನೂ ಸ್ರವಿಸಿದ್ದೆಂದು ಎಣಿಸುವ ಅಪಾಯ ಬೇರೆ.

ಬಹುಕಾಲದಿಂದ ಸಂಶೋಧಕರ ನೆಚ್ಚಿನ ಮಾದರಿ ಬಾರ್ಲಿ ಕಾಳು. ಭ್ರೂಣವಿಲ್ಲದ ಅರ್ಧ ಕಾಳನ್ನು ಪಿಷ್ಟ ಬೆರೆಸಿದ ಅಗರ್ ಮೇಲಿಟ್ಟು ಜಿಬ್ಬರೆಲಿನ್ ಹಾರ್ಮೋನು ಒದಗಿಸಿದರೆ, ಕಾಳಿನ ಅಲ್ಯೂರಾನ್ ಪದರ ಆಲ್ಫಾ-ಅಮೈಲೇಸ್ ಕಿಣ್ವವನ್ನು ಸ್ರವಿಸುತ್ತದೆ. ಆಮೇಲೆ ಅಯೋಡಿನ್ ಸುರಿದಾಗ ಪಿಷ್ಟವಿರುವ ಕಡೆಯೆಲ್ಲ ಕಡುನೀಲಿ. ಕಿಣ್ವ ಪಿಷ್ಟವನ್ನು ಕರಗಿಸಿದ ಜಾಗದಲ್ಲಿ ಮಾತ್ರ ಕಾಳಿನ ಸುತ್ತ ತಿಳಿಯಾದ ಬಳೆ. ಇಷ್ಟು ಸರಳವಾಗಿದ್ದೂ ಇಷ್ಟು ಸ್ಪಷ್ಟ ಉತ್ತರ ಕೊಡುವ ಪ್ರಯೋಗಗಳು ಕಡಿಮೆ.

ಆದರೆ ಬಳೆ ತೋರಿಸುವುದು ಫಲವನ್ನು, ದಾರಿಯನ್ನಲ್ಲ. ದಾರಿ ಹಿಡಿಯಲು ವಿಕಿರಣಶೀಲ ಗುರುತು ಬೇಕಾಯಿತು. 1966ರಲ್ಲಿ ನಾರ್ತ್‌ಕೋಟ್ ಮತ್ತು ಪಿಕೆಟ್-ಹೀಪ್ಸ್ ಗೋಧಿಯ ಬೇರುತುದಿಗೆ ವಿಕಿರಣಶೀಲ ಗ್ಲೂಕೋಸನ್ನು ಸ್ವಲ್ಪ ಹೊತ್ತು ಉಣಿಸಿ, ನಂತರ ಸಾದಾ ಗ್ಲೂಕೋಸಿಗೆ ಬದಲಾಯಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಗುರುತು ಮೊದಲು ಗಾಲ್ಗಿ ಎಂಬ ಕೋಶಾಂಗದಲ್ಲಿ, ಬಳಿಕ ಕೋಶಭಿತ್ತಿಯಲ್ಲಿ, ಬೇರಿನ ಹೊರಗಿನ ಲೋಳೆಯಲ್ಲಿ ಕಂಡಿತು. ಸಸ್ಯದಲ್ಲಿ ಗಾಲ್ಗಿಯ ಕೆಲಸವೇನೆಂಬುದಕ್ಕೆ ಅದು ಗಟ್ಟಿ ಸಾಕ್ಷಿ.

ಭಿತ್ತಿಯ ತೊಡಕನ್ನು ನಿವಾರಿಸುವ ಒಂದು ಉಪಾಯವೆಂದರೆ ಭಿತ್ತಿಯನ್ನೇ ಕಿಣ್ವಗಳಿಂದ ಕರಗಿಸುವುದು. ಹೀಗೆ ಬೆತ್ತಲಾದ ಕೋಶಕ್ಕೆ ಪ್ರೋಟೋಪ್ಲಾಸ್ಟ್ ಎಂದು ಹೆಸರು. 1990ರಲ್ಲಿ ಡೆನೆಕೆ ಮತ್ತು ಸಂಗಡಿಗರು ತಂಬಾಕಿನ ಪ್ರೋಟೋಪ್ಲಾಸ್ಟುಗಳಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನುಗಳಿಗೆ, ಕೋಶದ ಒಳಜಾಲಕ್ಕೆ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್) ಒಯ್ಯುವ ಆರಂಭಿಕ ಸಂಕೇತ ಪೆಪ್ಟೈಡ್ ಮಾತ್ರ ಜೋಡಿಸಿದರು. ಅವು ತಾವಾಗಿ ಹೊರಬಂದವು. ಅಂದರೆ ಒಳಜಾಲ ಹೊಕ್ಕ ಪ್ರೋಟೀನಿಗೆ ಹೊರಹೋಗಲು ಬೇರೆ ಅಪ್ಪಣೆ ಬೇಕಿಲ್ಲ, ಒಳಗೆ ಉಳಿಯುವುದಕ್ಕೇ ಬೇಕು. ಹೊರಗಿನ ಕಿಣ್ವಕ್ಕೂ ಒಳಗಿನದಕ್ಕೂ ಇರುವ ಅನುಪಾತವನ್ನು ಸ್ರವಿಕೆಯ ಸೂಚ್ಯಂಕವಾಗಿ ಬಳಸುವ ಕ್ರಮ ಪ್ರೋಟೋಪ್ಲಾಸ್ಟ್ ಪ್ರಯೋಗಗಳಲ್ಲಿ ಬೇರೂರಿದೆ.

ಜೀವಂತ ಎಲೆಯಲ್ಲೇ ನೋಡಬೇಕೆಂದರೆ ಅಂಬಲಿಮೀನಿನಿಂದ ಬಂದ ಹಸಿರು ಪ್ರತಿದೀಪ್ತ ಪ್ರೋಟೀನು ಇದೆ. 1998ರಲ್ಲಿ ಬೋವಿಂಕ್, ಹಾಸ್ ಮತ್ತಿತರರು ಇದರ ನೆರವಿನಿಂದ ತಂಬಾಕಿನ ಎಲೆಯಲ್ಲಿ ಗಾಲ್ಗಿಗಳು ಆಕ್ಟಿನ್ ಎಳೆಗಳ ಆಧಾರದಲ್ಲಿ ಚಲಿಸುವುದನ್ನು ಕಂಡರು. ಇದೇ ಪ್ರೋಟೀನಿನ ಸ್ರವಿಸುವ ರೂಪ ಭಿತ್ತಿಯ ಆಮ್ಲೀಯ ಪರಿಸರ ಸೇರಿ ಮಂಕಾಗುತ್ತದೆ. ಬ್ರೆಫೆಲ್ಡಿನ್ ಎ ಎಂಬ ಶಿಲೀಂಧ್ರದ ವಿಷದಿಂದ ಸಾಗಣೆ ತಡೆದರೆ ಕೋಶದೊಳಗೇ ಉಳಿದು ಹೊಳೆಯುತ್ತದೆ.

ಇಡೀ ಎಲೆಯ ಸ್ರಾವ ಬೇಕಾದಾಗ ನಿರ್ವಾತದಲ್ಲಿ ಎಲೆಯೊಳಗೆ ದ್ರಾವಣ ತುಂಬಿಸಿ, ನಿಧಾನ ವೇಗದ ಸೆಂಟ್ರಿಫ್ಯೂಜಿನಲ್ಲಿ ಹೊರತೆಗೆಯುತ್ತಾರೆ. ಹಾಗೆ ತೆಗೆದ ದ್ರವದಲ್ಲಿ ಮ್ಯಾಲೇಟ್ ಡಿಹೈಡ್ರೋಜಿನೇಸ್‌ನಂಥ ಕೋಶದೊಳಗಿನ ಕಿಣ್ವ ಹೇರಳವಾಗಿ ಸಿಕ್ಕರೆ ಕೋಶಗಳು ಒಡೆದಿವೆ ಎಂದರ್ಥ; ಆ ಮಾದರಿಯನ್ನು ಸ್ರವಿಕೆಯ ಲೆಕ್ಕಕ್ಕೆ ಹಿಡಿಯುವಂತಿಲ್ಲ.